ಮೀನಿನ ತೊಟ್ಟಿಗೂ ಒಂದು ಕೋಡಿ

ತುಂಗೆ ಎಷ್ಟು ತುಂಬಿದ್ದಾಳೆಂದು ತಿಳಿಯಲು ಶಿವಮೊಗ್ಗದವರಿಗೆ ಅಳತೆಗೋಲು ಬೇಕಿಲ್ಲ. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಕಲ್ಲಿನ ಮಂಟಪ ಮುಳುಗಿತೆಂದರೆ ಸಾಕು, ಜನ ನೋಡಲು ಹೊರಡುತ್ತಾರೆ. ಅತ್ತ ಭದ್ರಾವತಿಯಲ್ಲಿ, ಲಕ್ಕವಳ್ಳಿಯ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಹೊಸ ಸೇತುವೆ ಮುಳುಗುತ್ತದೆ. ಹಳೆಯ ಸೇತುವೆ ಮಾತ್ರ ತಲೆಯೆತ್ತಿ ನಿಂತಿರುತ್ತದೆ. ಹೊಳೆಯ ನೆರೆ ಸಾಮಾನ್ಯವಾಗಿ ಹೀಗೆ ಸೂಚನೆ ಕೊಟ್ಟೇ ಬರುತ್ತದೆ. ಹೇಳದೆ ಕೇಳದೆ ಬರುವ ಪುಟ್ಟ ನೆರೆಯೊಂದಿದೆ. ರಾತ್ರಿ ಕರೆಂಟು ಹೋಗಿ ಬರುವಷ್ಟರಲ್ಲಿ ಅದು ಹಜಾರದ ಮೂಲೆಯ ಅಕ್ವೇರಿಯಂನಿಂದ ಹೊರಟು, ಬೆಳಿಗ್ಗೆ ಹಾಲಿನವನಿಗೆ ಬಾಗಿಲು ತೆಗೆಯಲು ಎದ್ದವರ ಕಾಲಿಗೆ ತಣ್ಣಗೆ ತಗಲುತ್ತದೆ.

ಗಾಜಿನ ಬುಟ್ಟಿಯಲ್ಲಿ ಎರಡು ಗೋಲ್ಡ್ ಫಿಶ್ ಇಟ್ಟವರಿಗೆ ಈ ಭಯವಿಲ್ಲ. ನಾಲ್ಕಡಿಯ ತೊಟ್ಟಿ ಕೊಂಡು, ನೀರು ಸದಾ ತಿಳಿಯಾಗಿರಲೆಂದು ಕೆಳಗಿನ ಕಪಾಟಿನಲ್ಲಿ ಇನ್ನೊಂದು ತೊಟ್ಟಿ ಇಟ್ಟವರ ಪಾಡು ಇದು. ಆ ಕೆಳಗಿನ ತೊಟ್ಟಿಗೂ ಸಂಪ್ ಎಂದೇ ಹೆಸರು. ಅಂಗಳದಲ್ಲಿ ನಲ್ಲಿ ನೀರು ತುಂಬಿಡುವ ಸಂಪಿಗೂ ಇದಕ್ಕೂ ಸಂಬಂಧವಿಲ್ಲ. ಮೇಲಿನ ನೀರು ಇದಕ್ಕೆ ಇಳಿದು, ಸ್ಪಂಜು, ಕಲ್ಲುಚೂರುಗಳ ಮೂಲಕ ಸೋಸಿ, ಕೊನೆಯ ಕೋಣೆಯ ಪಂಪಿನಿಂದ ಮತ್ತೆ ಮೇಲೇರುತ್ತದೆ. ಮೇಲಿನಿಂದ ನೀರು ಇಳಿಯುವ ಜಾಗವೇ ಓವರ್‌ಫ್ಲೋ ಪೆಟ್ಟಿಗೆ. ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ: ಅದು ಕೆರೆಯ ಕೋಡಿ. ನೀರು ಒಂದು ಮಟ್ಟ ದಾಟಿದೊಡನೆ ಕೋಡಿ ಬಿದ್ದು ಹೊರಗೆ ಹರಿಯುತ್ತದೆ.

ಕರೆಂಟು ಹೋದಾಗ ಆಗುವುದೇನು? ಪಂಪು ನಿಲ್ಲುತ್ತದೆ. ಕೋಡಿಯ ಮಟ್ಟದವರೆಗೆ ನೀರು ಇಳಿದು ನಿಲ್ಲಬೇಕು. ಆದರೆ ಪಂಪಿನ ಪೈಪಿನ ಬಾಯಿ ಮೇಲಿನ ತೊಟ್ಟಿಯಲ್ಲಿ ಆಳಕ್ಕೆ ಮುಳುಗಿದ್ದರೆ, ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಹರಿಯತೊಡಗುತ್ತದೆ. ಡ್ರಮ್ಮಿನಿಂದ ಸೀಮೆಎಣ್ಣೆ ತೆಗೆಯಲು ರಬ್ಬರ್ ನಳಿಗೆ ಬಾಯಿಟ್ಟು ಎಳೆಯುತ್ತಿದ್ದ ಉಪಾಯವೇ ಇದು. ಪೈಪಿನ ಬಾಯಿಗೆ ಗಾಳಿ ಸಿಗುವವರೆಗೂ ನಿಲ್ಲುವುದಿಲ್ಲ.

ಲೆಕ್ಕ ಹಾಕಿ ನೋಡಬಹುದು. ತೊಟ್ಟಿಯ ಉದ್ದ 120 ಸೆಂಟಿಮೀಟರ್, ಅಗಲ 45 ಎಂದಿಟ್ಟುಕೊಳ್ಳಿ. ನೀರು ಒಂದು ಸೆಂಟಿಮೀಟರ್ ಇಳಿದರೆ 5.4 ಲೀಟರ್. ಪೈಪಿನ ಬಾಯಿ 8 ಸೆಂಟಿಮೀಟರ್ ಕೆಳಗಿದ್ದರೆ 43 ಲೀಟರ್ ಕೆಳಗಿಳಿಯುತ್ತದೆ. 75 ಸೆಂಟಿಮೀಟರ್ ಉದ್ದ, 30 ಅಗಲ, 40 ಎತ್ತರದ ಸಂಪಿನಲ್ಲಿ ಆಗಲೇ 25 ಸೆಂಟಿಮೀಟರ್ ನೀರಿದ್ದರೆ ಉಳಿದ ಜಾಗಕ್ಕೆ ಹಿಡಿಯುವುದು ಸುಮಾರು 34 ಲೀಟರ್ ಮಾತ್ರ. ಮಿಕ್ಕ ಒಂಬತ್ತು ಲೀಟರ್ ನೆಲಕ್ಕೆ! ಅದೇ ಪೈಪಿನ ಬಾಯಿಯನ್ನು ನೀರಿನ ಮಟ್ಟದಿಂದ ಎರಡು ಸೆಂಟಿಮೀಟರ್ ಕೆಳಗಷ್ಟೇ ಇಟ್ಟರೆ ಇಳಿಯುವುದು 11 ಲೀಟರ್ ಒಳಗೆ. ಸಂಪಿಗೆ ಅದು ಲೆಕ್ಕವೇ ಅಲ್ಲ.

ಅಂಗಡಿಯವರು ಇದಕ್ಕೆ ನಾನ್ ರಿಟರ್ನ್ ವಾಲ್ವ್ ತೋರಿಸುತ್ತಾರೆ. ಒಂದು ಮರಳ ಕಾಳೋ ಮರಿ ಶಂಖದ ಹುಳುವೋ ಅದರ ಬಾಯಿಗೆ ಸಿಕ್ಕಿದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಪೈಪಿಗೆ ನೀರಿನ ಮಟ್ಟದ ಕೆಳಗೆ ಸಣ್ಣ ತೂತು ಕೊರೆಯುವವರೂ ಇದ್ದಾರೆ. ತೂತಿಗೆ ಗಾಳಿ ಸಿಕ್ಕೊಡನೆ ಹಿಂದಿನ ಹರಿವು ನಿಲ್ಲುತ್ತದೆ ನಿಜ, ಆದರೆ ಪಾಚಿ ಅದನ್ನು ಮುಚ್ಚಲು ಹೆಚ್ಚು ದಿನ ಬೇಡ. ಎರಡೂ ಇರಲಿ, ಬೇಡವೆನ್ನುವುದಿಲ್ಲ. ನಂಬಬೇಕಾದ್ದು ಮಾತ್ರ ಎತ್ತರವನ್ನು. ಭದ್ರಾವತಿಯ ಎರಡು ಸೇತುವೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಇನ್ನೊಂದು ಅಪಾಯ ಕರೆಂಟು ಬಂದಾಗಿನದು. ಗಾಜಿಗೆ ತೂತು ಮಾಡದೆ ಅಂಚಿಗೆ ನೇತುಹಾಕುವ ಪೆಟ್ಟಿಗೆಯಲ್ಲಿ ನೀರು ಯು ಆಕಾರದ ಕೊಳವೆಯ ಮೂಲಕ ಅಂಚನ್ನು ಹತ್ತಿ ಇಳಿಯುತ್ತದೆ. ಎರಡು ತುದಿಯೂ ನೀರಿನಲ್ಲಿ ಮುಳುಗಿರುವುದರಿಂದ ಪಂಪು ನಿಂತರೂ ಕೊಳವೆ ಖಾಲಿಯಾಗಬಾರದು. ಆದರೆ ಹರಿವು ನಿಧಾನವಾದರೆ ಗಾಳಿಗುಳ್ಳೆಗಳು ಕೊಳವೆಯ ಬಾಗಿನಲ್ಲಿ ಸೇರಿ ಹರಿವನ್ನೇ ಕಡಿಯುತ್ತವೆ. ಆಮೇಲೆ ಕರೆಂಟು ಬಂತೆನ್ನಿ: ಪಂಪು ಎಂದಿನಂತೆ ಏರಿಸುತ್ತಲೇ ಇರುತ್ತದೆ, ಇಳಿಯುವ ದಾರಿ ಮಾತ್ರ ಇಲ್ಲ. ತೂತು ಕೊರೆದ ತೊಟ್ಟಿಯಲ್ಲಿ ಈ ಕಾಟವಿಲ್ಲದಿದ್ದರೂ ಕೊಳೆತ ಎಲೆಯೋ ಸತ್ತ ಮೀನೋ ಪೈಪಿಗೆ ಅಡ್ಡ ಬರಬಹುದು. ಅದಕ್ಕೇ ತಿಳಿದವರು ಮೊದಲ ಪೈಪಿಗಿಂತ ಸ್ವಲ್ಪ ಎತ್ತರದಲ್ಲಿ ಎರಡನೆಯದೊಂದನ್ನು ಬರಿದಾಗಿಯೇ ಇಟ್ಟಿರುತ್ತಾರೆ. ತೂತನ್ನು ತೊಟ್ಟಿ ಕಟ್ಟುವಾಗಲೇ ಹಾಕಿಸಬೇಕು. ಟಫನ್ ಮಾಡಿದ ಗಾಜಿಗೆ ಡ್ರಿಲ್ ತಗುಲಿಸಿದರೆ ಪುಡಿಪುಡಿಯಾಗುತ್ತದೆ.

ದಾರಿ ಪೂರ್ತಿ ಕಟ್ಟಿಕೊಂಡರೂ ನೆಲ ಒದ್ದೆಯಾಗದಂತೆ ಮಾಡಲು ಸಾಧ್ಯವಿದೆ. ಪಂಪು ಇರುವ ಕೋಣೆ ಚಿಕ್ಕದಾಗಿರಬೇಕು. 30ಕ್ಕೆ 20 ಸೆಂಟಿಮೀಟರಿನ ಕೋಣೆಯಲ್ಲಿ 20 ಸೆಂಟಿಮೀಟರ್ ನೀರಿದ್ದರೆ 12 ಲೀಟರ್. ಅಷ್ಟೂ ಮೇಲೆ ಹೋದರೆ ತೊಟ್ಟಿಯಲ್ಲಿ ಎರಡೂಕಾಲು ಸೆಂಟಿಮೀಟರ್ ಏರುತ್ತದೆ. ಅಂಚಿಗೆ ಮೂರು ಸೆಂಟಿಮೀಟರ್ ಬಿಟ್ಟಿದ್ದರೆ ಚೆಲ್ಲುವುದಿಲ್ಲ. ಒಣಗಿದ ಪಂಪು ಸುಟ್ಟೀತು, ಅಷ್ಟೆ. ಕೋಣೆ ಇದರ ಎರಡರಷ್ಟಿದ್ದರೆ 24 ಲೀಟರ್ ಏರುತ್ತದೆ, ಏಳೆಂಟು ಲೀಟರ್ ನೆಲ ಸೇರುತ್ತದೆ. ಸಂಪನ್ನು ಓವರ್‌ಹೆಡ್ ಟ್ಯಾಂಕಿಗೆ ಜೋಡಿಸಿ, ಆವಿಯಾದ ನೀರು ತಾನೇ ತುಂಬಲೆಂದು ಬಾಲ್ ವಾಲ್ವ್ ಹಾಕಿದರಂತೂ ಈ ಲೆಕ್ಕವೆಲ್ಲ ವ್ಯರ್ಥ. ವಾಲ್ವ್ ಸಿಕ್ಕಿಹಾಕಿಕೊಂಡ ದಿನ ಟ್ಯಾಂಕಿನ ನೀರೆಲ್ಲ ಹಜಾರದಲ್ಲಿ. ಕ್ಲೋರಿನ್ ಹಾಕಿದ ಅಷ್ಟೊಂದು ನಲ್ಲಿನೀರಿಗೆ ಮೀನುಗಳೂ ಉಳಿಯುವುದಿಲ್ಲ.

ನೆಲ ಒರೆಸಿದರೆ ಒಣಗುತ್ತದೆ. ಕಪಾಟಿನೊಳಗೆ ಸಂಪಿನ ಪಕ್ಕದಲ್ಲೇ ಮಲಗಿರುವ ಪ್ಲಗ್ ಬೋರ್ಡಿನ ಮಾತು ಹಾಗಲ್ಲ. ಅದನ್ನು ಗೋಡೆಗೆ, ನೀರಿಗಿಂತ ಎತ್ತರಕ್ಕೆ ಹೊಡೆಯಬೇಕು. ವೈರು ಪ್ಲಗ್ಗಿಗಿಂತ ಕೆಳಕ್ಕೆ ಇಳಿಬಿದ್ದು ಮತ್ತೆ ಮೇಲೇರುವಂತಿದ್ದರೆ ಅದರ ಮೇಲೆ ಜಾರುವ ನೀರು ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಸೋರಿಕೆ ಕರೆಂಟನ್ನು ಗುರುತಿಸಿ ಕಡಿಯುವ ಸ್ವಿಚ್ಚು ಮನೆಯಲ್ಲಿ ಇಲ್ಲವಾದರೆ ಮೀನು ತರುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸುವುದು ಒಳ್ಳೆಯದು.

ಪರೀಕ್ಷೆಗೆ ಗುಡುಗು ಮಳೆಯ ರಾತ್ರಿಯನ್ನು ಕಾಯಬೇಕಿಲ್ಲ. ಭಾನುವಾರ ಬೆಳಿಗ್ಗೆ ಬಕೆಟ್ಟು, ಹಳೆಯ ಟವೆಲ್ಲು ಹತ್ತಿರ ಇಟ್ಟುಕೊಂಡು ಪಂಪಿನ ಸ್ವಿಚ್ಚು ಆರಿಸಿ, ಸಂಪಿನ ನೀರು ಎಲ್ಲಿಗೆ ನಿಲ್ಲುತ್ತದೆಂದು ನೋಡುವುದು. ಮತ್ತೆ ಹಚ್ಚಿ, ಹರಿವು ತಾನಾಗಿಯೇ ಶುರುವಾಯಿತೇ ಎಂದು ನೋಡುವುದು. ಆಮೇಲೆ ಕೋಡಿಗೆ ಬಟ್ಟೆ ತುರುಕಿ, ಪಂಪು ಒಣಗುವವರೆಗೆ ಬಿಟ್ಟು, ತಕ್ಷಣ ಆರಿಸುವುದು. ಎಲ್ಲ ಸರಿಯಿದ್ದರೆ, ಪಂಪು ಓಡುತ್ತಿರುವಾಗ ಅದರ ಕೋಣೆಯಲ್ಲಿರುವ ನೀರಿನ ಮಟ್ಟಕ್ಕೆ ಸಂಪಿನ ಗಾಜಿನ ಹೊರಮೈಯಲ್ಲಿ ಒಂದು ಗೆರೆ ಎಳೆಯಬೇಕು. ಬೇಸಿಗೆಯಲ್ಲಿ ನೀರು ಆರಿದಾಗ ತುಂಬಿಸುವುದು ಆ ಗೆರೆಯವರೆಗೆ ಮಾತ್ರ. ಸೀಸದ ಕಡ್ಡಿಯ ಗೆರೆ ಗಾಜಿನ ಮೇಲೆ ನಿಲ್ಲುವುದಿಲ್ಲ. ಮನೆಯವರ ಉಗುರುಬಣ್ಣ ಚೆನ್ನಾಗಿ ಹಿಡಿಯುತ್ತದೆ.