ಆರೈಕೆ ಮಾಡುವವರ ಬಳಲಿಕೆ

ವೈದ್ಯನನ್ನು ನಾರಾಯಣನಿಗೆ ಸಮಾನನೆಂದು ಭಾವಿಸಿದ ನಾಡು ನಮ್ಮದು. ಆದರೆ ಆ ನಾರಾಯಣನಿಗೂ ಹಸಿವು ನಿದ್ರೆಗಳುಂಟು, ಆತನ ಜೊತೆಗೆ ದುಡಿಯುವ ದಾದಿಗೂ ಆಯಾಗೂ ದುಃಖ ಬೇಸರಗಳುಂಟು ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಆಸ್ಪತ್ರೆಗೆ ಹೋದಾಗ ನಮ್ಮ ದೃಷ್ಟಿಯೆಲ್ಲ ರೋಗಿಯ ಮೇಲೆಯೇ ಇರುತ್ತದೆ. ಅದು ಸಹಜವೂ ಹೌದು. ರೋಗಿಯನ್ನು ನೋಡಿಕೊಳ್ಳುವವರ ಪಾಡೇನು, ಅದು ಕೆಟ್ಟರೆ ನಷ್ಟ ಯಾರಿಗೆ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ದಣಿವಿಲ್ಲದ ಕೆಲಸವಿಲ್ಲ. ಹೊಲದಲ್ಲಿ ದುಡಿದವನ ದಣಿವು ಒಂದು ರಾತ್ರಿಯ ನಿದ್ದೆಯಿಂದ ಕಳೆಯುತ್ತದೆ. ನಿದ್ದೆಯಿಂದಲೂ ಕಳೆಯದ ದಣಿವು ಬೇರೊಂದು ಬಗೆಯದು. ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಇದನ್ನು ವಿವರಿಸಿ ‘ಬರ್ನ್‌ಔಟ್’ ಎಂದು ಕರೆದರು. ಎಣ್ಣೆ ತೀರಿದ ಮೇಲೆ ಬತ್ತಿಯೇ ಉರಿದುಹೋಗುವುದನ್ನು ಕಂಡವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ರಿಸ್ಟಿನಾ ಮ್ಯಾಸ್ಲಾಕ್, ಸೂಸನ್ ಜ್ಯಾಕ್ಸನ್ ಎಂಬಿಬ್ಬರು 1981ರಲ್ಲಿ ಇದನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಂತೆ ಇದರ ಲಕ್ಷಣಗಳು ಮೂರು: ಒಂದು, ಮನಸ್ಸು ಬರಿದಾಗುವುದು, ಎರಡು, ಎದುರಿಗಿರುವವರನ್ನು ಮನುಷ್ಯರೆಂದು ಕಾಣದೆ ವಸ್ತುಗಳಂತೆ ಕಾಣುವುದು, ಮೂರು, ತಾನು ಮಾಡಿದ್ದರಿಂದ ಏನೂ ಸಾಧಿಸಲಿಲ್ಲವೆಂಬ ಭಾವನೆ.

ಎರಡನೆಯ ಲಕ್ಷಣವನ್ನು ಕುರಿತು ಸ್ವಲ್ಪ ಹೇಳಬೇಕು. ಲಂಡನ್ನಿನ ಒಂದು ಆಸ್ಪತ್ರೆಯ ದಾದಿಯರ ಕೆಲಸವನ್ನು ಪರಿಶೀಲಿಸಿದ ಇಸಬೆಲ್ ಮೆಂಜೀಸ್ 1960ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅಲ್ಲಿ ರೋಗಿಗಳನ್ನು ಹೆಸರಿನಿಂದ ಕರೆಯದೆ ಮಂಚದ ಸಂಖ್ಯೆಯಿಂದಲೋ ಕೆಟ್ಟ ಅಂಗದಿಂದಲೋ ಕರೆಯುವ ವಾಡಿಕೆಯಿತ್ತು. ಒಬ್ಬ ರೋಗಿಯ ಎಲ್ಲ ಕೆಲಸವನ್ನೂ ಒಬ್ಬಳೇ ದಾದಿ ಮಾಡದಂತೆ ಕೆಲಸಗಳು ಹಂಚಿಹೋಗಿದ್ದವು. ಇದು ಕ್ರೌರ್ಯವಲ್ಲ, ನೋವು ತಗಲದಿರಲೆಂದು ಕಟ್ಟಿಕೊಂಡ ಗೋಡೆ ಎಂಬುದು ಮೆಂಜೀಸರ ಅಭಿಪ್ರಾಯ. ಆದರೆ ಆ ಗೋಡೆ ನೋವನ್ನು ಕಳೆಯಲಿಲ್ಲ. ಕೆಲಸದಿಂದ ದೊರೆಯುವ ತೃಪ್ತಿಯನ್ನು ಮಾತ್ರ ಕಳೆಯಿತು. ಕಲಿಯಲು ಬಂದ ದಾದಿಯರಲ್ಲಿ ಸುಮಾರು ಮೂರನೆಯ ಒಂದು ಪಾಲು ಶಿಕ್ಷಣವನ್ನು ಪೂರೈಸದೆ ಹೋಗುತ್ತಿದ್ದರು. ಆಸ್ಪತ್ರೆಯಲ್ಲಿ ಗಡುಸಾದ ಮಾತು ಕೇಳಿ ನೊಂದವರು ಇದನ್ನು ನೆನೆಯಬೇಕು.

ಇನ್ನು ಕಾರಣಗಳು. ಮೊದಲನೆಯದು ಗಂಟೆಗಳ ಲೆಕ್ಕ. ನಿವಾಸಿ ವೈದ್ಯರಿಗೆ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆಗೆ ಮೀರದಷ್ಟು ಕೆಲಸವೆಂದು ಕೇಂದ್ರ ಸರ್ಕಾರ 1992ರಲ್ಲಿಯೇ ನಿರ್ದೇಶಿಸಿತ್ತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು ವಾರಕ್ಕೆ 74 ಗಂಟೆ ಮೀರದಿರಲೆಂದು ಶಿಫಾರಸು ಮಾಡಿತು. ಮೂವತ್ತೆರಡು ವರ್ಷಗಳ ಮೇಲೆ 74 ಗಂಟೆಯೇ ಒಂದು ಉಪಕಾರವೆನಿಸಿದರೆ, ವಾಸ್ತವವೇನೆಂಬುದನ್ನು ವಾಚಕರೇ ಊಹಿಸಬಹುದು. ಎರಡನೆಯದು ಜನಬಲದ ಕೊರತೆ. ಸಾಮಾನ್ಯ ಆಸ್ಪತ್ರೆಯಲ್ಲಿ ಐವರು ರೋಗಿಗಳಿಗೆ ಒಬ್ಬ ದಾದಿ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ವಾರ್ಡಿನಲ್ಲಿ ಒಮ್ಮೆ ನಿಂತು ಎಣಿಸಿದರೆ ಸಾಕು. ಮೂರನೆಯದು ಭಯ. ಸಿಬ್ಬಂದಿಯ ಮೇಲೆ ಕೈಮಾಡುವುದನ್ನು ತಡೆಯಲು ಕರ್ನಾಟಕ 2009ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು.

ಪುಸ್ತಕಗಳು ಹೆಚ್ಚಾಗಿ ವೈದ್ಯರನ್ನೂ ದಾದಿಯರನ್ನೂ ಕುರಿತು ಹೇಳುತ್ತವೆ. ನನ್ನ ತಾಯಿ ಹನ್ನೊಂದು ವರ್ಷಗಳಿಂದ ಒಂದು ಆಸ್ಪತ್ರೆಯಲ್ಲಿ ಹೊರಗುತ್ತಿಗೆಯ ಆಯಾ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಆ ದುಡಿಮೆಯೇ ನನ್ನನ್ನು ಹತ್ತಿಸಿತು. ವಾರ್ಡಿನಲ್ಲಿ ಒಂದು ಮಗು ತೀರಿಕೊಂಡರೆ ವೈದ್ಯರು ಕಾಗದಕ್ಕೆ ಸಹಿ ಹಾಕುತ್ತಾರೆ, ದಾದಿ ನಳಿಗೆಗಳನ್ನು ತೆಗೆಯುತ್ತಾಳೆ, ಹಾಸಿಗೆಯನ್ನು ಬದಲಿಸುವವಳು ಆಯಾ. ಅರ್ಧ ಗಂಟೆಯಲ್ಲಿ ಅದೇ ಮಂಚಕ್ಕೆ ಇನ್ನೊಬ್ಬರು ಬರುತ್ತಾರೆ. ಅಂಥ ದಿನ ಅವ್ವ ಮನೆಗೆ ಬಂದು ಉಣ್ಣುವುದಿಲ್ಲ, ಕೇಳಿದರೆ ಹಸಿವಿಲ್ಲವೆನ್ನುತ್ತಾಳೆ. ಮರುದಿನ ಮಲಗಿಕೊಂಡರೆ ಆ ದಿನದ ಕೂಲಿ ಹೋಯಿತು. ಈ ಬಳಲಿಕೆಯನ್ನು ಅಳೆಯಲು ಯಾವ ಪ್ರಶ್ನಾವಳಿಯೂ ಅವಳ ಬಳಿಗೆ ಬಂದಿಲ್ಲ.

ಪರಿಹಾರವೇನು? ಧ್ಯಾನ ಮಾಡಿರಿ, ಯೋಗ ಮಾಡಿರಿ ಎಂದು ಉಪದೇಶಿಸುವುದು ಸುಲಭ. ಅವುಗಳಿಂದ ಉಪಯೋಗವಿಲ್ಲವೆಂದಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ರೋಗವೆಂದು ಹೇಳದೆ, ಉದ್ಯೋಗಕ್ಕೆ ಸಂಬಂಧಪಟ್ಟ ಸ್ಥಿತಿಯೆಂದು ಹೇಳಿತು. ಕೆಡುಕು ಕೆಲಸದ ಏರ್ಪಾಡಿನಲ್ಲಿದ್ದರೆ ಔಷಧವೂ ಅಲ್ಲಿಗೇ ಬೀಳಬೇಕು. ಸಾಕಷ್ಟು ಜನ, ವಾರದ ರಜೆ, ರಾತ್ರಿ ಪಾಳಿಯವರಿಗೆ ಮಲಗಲು ಒಂದು ಭದ್ರವಾದ ಕೋಣೆ ಮೊದಲು ಬೇಕು. ಅನಂತರ ಮನಸ್ಸನ್ನು ತೆರೆದಿಡಲು ಒಂದು ಸ್ಥಳ ಬೇಕು. ಮೈಕೆಲ್ ಬಾಲಿಂಟ್ 1950ರ ದಶಕದಲ್ಲಿ ಲಂಡನ್ನಿನ ವೈದ್ಯರನ್ನು ಒಟ್ಟಿಗೆ ಕೂರಿಸಿ, ಅವರನ್ನು ಕಾಡಿದ ರೋಗಿಗಳ ವಿಷಯವನ್ನು ಮಾತಾಡಿಸುತ್ತಿದ್ದರು. ಅಂಥ ಕೂಟಕ್ಕೆ ಖರ್ಚು ಹೆಚ್ಚಿಲ್ಲ. ಆಯಾಗೂ ಅದರಲ್ಲೊಂದು ಕುರ್ಚಿ ಇರಲಿ. ನಮ್ಮ ದೇಶದಲ್ಲಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾರು ಬೇಕಾದರೂ ಉಚಿತವಾಗಿ ದೂರವಾಣಿ ಮಾಡಬಹುದು.

ಸಹಪಾಠಿಗಳೇ, ನಮ್ಮಲ್ಲಿ ಕೆಲವರು ನಾಳೆ ಗುಮಾಸ್ತರೋ ಅಧಿಕಾರಿಗಳೋ ಆಗಿ, ಇಂಥ ಆಸ್ಪತ್ರೆಗಳ ಹಾಜರಿ ಪಟ್ಟಿಯನ್ನೂ ಹುದ್ದೆಗಳ ಕಡತವನ್ನೂ ಕೈಯಲ್ಲಿ ಹಿಡಿಯುವವರು. ಖಾಲಿ ಹುದ್ದೆಯೆಂದು ಬರೆದ ಪ್ರತಿಯೊಂದು ಸಾಲಿನ ಭಾರವನ್ನು ಯಾರೋ ಒಬ್ಬರು ರಾತ್ರಿಯೆಲ್ಲ ನಿಂತು ಹೊರುತ್ತಿದ್ದಾರೆಂಬುದು ಆಗ ನಮಗೆ ನೆನಪಿರಲಿ.