ಜಿಲ್ಲೆ ಒಡೆದರೆ ಆಸ್ಪತ್ರೆಯ ದುಡ್ಡೂ ಒಡೆಯುತ್ತದೆಯೇ?

ವಿಜಯನಗರ ಬೇರೆಯಾದ ಮೇಲೆ ಗಣಿ ದುಡ್ಡೆಲ್ಲ ಹೊಸಪೇಟೆ ಪಾಲಾಯಿತು, ಇನ್ನು ಬಳ್ಳಾರಿ ಆಸ್ಪತ್ರೆಗಳ ಗತಿ ಏನು? ಹಲಕುಂದಿಯ ಕಟ್ಟೆಯ ಮೇಲಾಗಲಿ, ಸಿರುಗುಪ್ಪದ ಹೋಟೆಲಿನಲ್ಲಾಗಲಿ ಹೀಗೊಂದು ಮಾತು ಹುಟ್ಟುವುದು ಸಹಜ. 2021ರಲ್ಲಿ ಜಿಲ್ಲೆ ಇಬ್ಭಾಗವಾದದ್ದು ನಿಜ. ಅಷ್ಟು ಮಾತ್ರ ನಿಜ.

ವಿಮ್ಸ್ ಎಂದೇ ಜನ ಕರೆಯುವ, 1961ರಲ್ಲಿ ಆರಂಭವಾದ ಮೆಡಿಕಲ್ ಕಾಲೇಜಿನ ಆಸ್ಪತ್ರೆ ನಡೆಯುವುದು ರಾಜ್ಯದ ವೈದ್ಯಕೀಯ ಶಿಕ್ಷಣ ಇಲಾಖೆಯ ಅನುದಾನದಿಂದ. ತಾಲ್ಲೂಕು ಆಸ್ಪತ್ರೆಗಳಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ರಾಜ್ಯದ ಬಜೆಟ್ ಇದೆ. ಜೊತೆಗೆ ರಾಷ್ಟ್ರೀಯ ಆರೋಗ್ಯ ಅಭಿಯಾನ, ಅದರಲ್ಲಿ ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ಗಡಿ ಎಲ್ಲಿ ಎಳೆದರೂ ಈ ದುಡ್ಡು ಬರುವ ದಾರಿ ಅದೇ.

ಗೊಂದಲ ಇರುವುದು ಡಿಎಂಎಫ್‌ನಲ್ಲಿ, ಅಂದರೆ ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ. ಇದು 2015ರ ಕಾಯ್ದೆ ತಿದ್ದುಪಡಿಯ ಕೂಸು. ಗಣಿ ಗುತ್ತಿಗೆದಾರ ಸರ್ಕಾರಕ್ಕೆ ಕಟ್ಟುವ ರಾಜಧನದ ಮೇಲೆ ಇನ್ನಷ್ಟು ಕಟ್ಟಬೇಕು: ಹಳೆಯ ಗುತ್ತಿಗೆಯಾದರೆ ಅದರ ಶೇ 30, ಹರಾಜಿನಲ್ಲಿ ಪಡೆದದ್ದಾದರೆ ಶೇ 10. ಗಣಿ ಯಾವ ಜಿಲ್ಲೆಯಲ್ಲಿದೆಯೋ ಹಣ ಆ ಜಿಲ್ಲೆಯ ಪ್ರತಿಷ್ಠಾನಕ್ಕೆ. ಸಂಡೂರು ಬಳ್ಳಾರಿಯಲ್ಲೇ ಉಳಿಯಿತಲ್ಲ, ಗಣಿ ದುಡ್ಡೆಲ್ಲ ಹೋಯಿತೆಂಬ ಮಾತು ಅಲ್ಲಿಗೇ ಬಿತ್ತು. ಈ ಹಣದ ಬಹುಪಾಲು ಆರೋಗ್ಯ, ಕುಡಿಯುವ ನೀರು, ಶಿಕ್ಷಣದಂಥ ಕೆಲಸಕ್ಕೇ ಹೋಗಬೇಕೆಂದು ನಿಯಮವಿದೆ. ಸ್ಪಾಂಜ್ ಐರನ್ ಕಾರ್ಖಾನೆಯ ಹೊಗೆ ಕುಡಿಯುವವರು ಒಂದನ್ನು ಗಮನಿಸಬೇಕು: ಡಿಎಂಎಫ್‌ಗೆ ಕಟ್ಟುವುದು ಗಣಿಯವರು, ಕಾರ್ಖಾನೆಯವರಲ್ಲ. ಕಾರ್ಖಾನೆಯವರು ಏಕೆ ಕಟ್ಟುವುದಿಲ್ಲ? ನನಗೆ ಕೇಳಬೇಕಾದ ಪ್ರಶ್ನೆ ಅನ್ನಿಸುವುದು ಇದೇ. ಅದನ್ನು ಬಿಟ್ಟು ಹೊಸಪೇಟೆಯನ್ನು ದೂರುತ್ತೇವೆ.

ಸಂವಿಧಾನದ 371ಜೆ ವಿಧಿಯ ಸವಲತ್ತು ನಿಜಾಮನ ಪ್ರಾಂತ್ಯಕ್ಕೆ ಮಾತ್ರ ಎಂಬುದೂ ಅರ್ಧ ಸತ್ಯ. ಬಳ್ಳಾರಿ ಮದ್ರಾಸ್ ಬಿಟ್ಟು ಮೈಸೂರು ಸೇರಿದ್ದು 1953ರ ಅಕ್ಟೋಬರ್ 1ರಂದು. ಆದರೂ ಆ ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆ ಸಿಗುವ ಮೆಡಿಕಲ್ ಸೀಟು ಮೀಸಲಾತಿಯಲ್ಲಿ ನಮಗೂ ಪಾಲಿದೆ, ವಿಜಯನಗರಕ್ಕೂ ಇದೆ.

ಬೇರೆಯಾದರೆ ಆಸ್ಪತ್ರೆಗೆ ದುಡ್ಡು ಸುರಿಯುತ್ತದೆ ಎಂಬ ತಿರುಗಾಮುರುಗಾ ಭ್ರಮೆಯೂ ಉಂಟು. 2016ರಲ್ಲಿ ಬ್ರಿಟನ್ ಯುರೋಪ್ ಒಕ್ಕೂಟ ಬಿಡಬೇಕೆಂಬ ಪ್ರಚಾರದ ಬಸ್ಸಿನ ಮೇಲೆ, ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತಿದ್ದೇವೆ, ಅದನ್ನು ಆಸ್ಪತ್ರೆಗಳಿಗೆ ಕೊಡೋಣ ಎಂದು ಬರೆಸಿದ್ದರು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನೇ ಅದರಲ್ಲಿ ಕಳೆದಿರಲಿಲ್ಲ.

ಇನ್ನು ಕಾರ್ಡಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಅದಕ್ಕೆ ಜಿಲ್ಲೆಯ ಗಡಿ ಇಲ್ಲ. ಕುರುಗೋಡಿನವರು ಹೊಸಪೇಟೆಯ ನೋಂದಾಯಿತ ಆಸ್ಪತ್ರೆಗೂ ಹೋಗಬಹುದು. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಮಾತ್ರ ಬೇಕು.