ಮಿತವ್ಯಯವೆಂಬ ಸ್ವಾತಂತ್ರ್ಯ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಆದರೆ ಇಂದಿನ ದಿನಮಾನಗಳಲ್ಲಿ ಹಾಸಿಗೆಯನ್ನೇ ಸಾಲವಾಗಿ ಕೊಡುವವರು ಬಾಗಿಲಿಗೆ ಬಂದು ನಿಂತಿದ್ದಾರೆ. ಮೊಬೈಲು, ಕಾರು, ಪ್ರವಾಸ, ಮದುವೆ ಎಲ್ಲವೂ ಕಂತಿನಲ್ಲಿ ಲಭ್ಯ. ರಿಸರ್ವ್ ಬ್ಯಾಂಕಿನ ಅಂಕಿ ಅಂಶಗಳ ಪ್ರಕಾರ, 2020–21ರಲ್ಲಿ ಒಟ್ಟು ದೇಶೀಯ ಉತ್ಪನ್ನದ ಶೇ 11ನ್ನು ಮೀರಿದ್ದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ 2022–23ರಲ್ಲಿ ಶೇ 5ರ ಆಸುಪಾಸಿಗೆ ಇಳಿಯಿತು. ಕೋವಿಡ್ ವರ್ಷದಲ್ಲಿ ಖರ್ಚಿಗೆ ಅವಕಾಶವೇ ಇರಲಿಲ್ಲವೆಂಬುದು ನಿಜ. ಉಳಿತಾಯದ ಒಂದು ಪಾಲು ಮನೆ, ನಿವೇಶನಗಳತ್ತ ಹರಿಯಿತೆಂಬುದೂ ನಿಜ. ಆದರೂ ಈ ಇಳಿಕೆಯ ಹಿಂದೆ ಕುಟುಂಬಗಳ ಸಾಲದ ಏರಿಕೆ ಇರುವುದನ್ನು ಮರೆಯುವಂತಿಲ್ಲ.

ಈ ಸಾಲದಲ್ಲಿ ಎಷ್ಟು ಭಾಗ ಅಗತ್ಯಕ್ಕೆ, ಎಷ್ಟು ಭಾಗ ನೆರೆಯವರ ಕಣ್ಣಿಗೆ? ಪ್ರದರ್ಶನಕ್ಕಾಗಿ ಮಾಡುವ ವೆಚ್ಚವನ್ನು ಅರ್ಥಶಾಸ್ತ್ರಜ್ಞ ವೆಬ್ಲೆನ್ 1899ರಷ್ಟು ಹಿಂದೆಯೇ ವಿಶ್ಲೇಷಿಸಿದ್ದ. ಹುಬ್ಬಳ್ಳಿ-ಧಾರವಾಡದ ಕಲ್ಯಾಣ ಮಂಟಪಗಳನ್ನು ನೋಡಿದವರಿಗೆ ಅವನ ಗ್ರಂಥವನ್ನು ಪ್ರತ್ಯೇಕವಾಗಿ ವಿವರಿಸಬೇಕಿಲ್ಲ. ಮಗಳ ಮದುವೆಗೆಂದು ಶೇ 12ರ ಬಡ್ಡಿಯಲ್ಲಿ ಹತ್ತು ಲಕ್ಷ ರೂಪಾಯಿ ಸಾಲ ಪಡೆದು ಐದು ವರ್ಷಗಳಲ್ಲಿ ತೀರಿಸುವವರು ತಿಂಗಳಿಗೆ ಸುಮಾರು 22,250 ರೂಪಾಯಿ ಕಟ್ಟಬೇಕು. ಬಡ್ಡಿಯೇ 3.3 ಲಕ್ಷವನ್ನು ಮೀರುತ್ತದೆ. ಒಂದು ದಿನದ ವೈಭವಕ್ಕೆ ಅರವತ್ತು ತಿಂಗಳ ಸಂಬಳದ ಪಾಲನ್ನು ಒತ್ತೆ ಇಡುವುದು ಯಾವ ಲೆಕ್ಕದಲ್ಲಿ ಲಾಭ? ನಮ್ಮ ಭಾಗದ ಮಠಗಳು ಜಾತ್ರೆಯ ಸಂದರ್ಭದಲ್ಲಿ ಸಾಮೂಹಿಕ ವಿವಾಹಗಳನ್ನು ನಡೆಸುತ್ತ ಬಂದಿವೆ. ಅವು ಬಡವರಿಗೆ ಮಾತ್ರ ಎಂದು ಮಧ್ಯಮ ವರ್ಗ ಭಾವಿಸಿರುವುದೇ ವಿಪರ್ಯಾಸ.

ಮೂರು ದಶಕಗಳನ್ನು ಮೀರಿದ ಸರ್ಕಾರಿ ಸೇವೆಯಲ್ಲಿ ನಾನು ಗಮನಿಸಿದ ಸಂಗತಿಯೊಂದಿದೆ. ಸಂಬಳದೊಳಗೆ ಸಂಸಾರ ನಡೆಸಿದ ನೌಕರ ‘ಇದು ಆಗದು’ ಎಂದು ಹೇಳಬಲ್ಲವನಾಗಿದ್ದ. ವರ್ಗಾವಣೆಯ ಬೆದರಿಕೆಗೆ ಅವನು ಅಷ್ಟಾಗಿ ಅಂಜುತ್ತಿರಲಿಲ್ಲ. ಅವನ ಗಂಟುಮೂಟೆ ಚಿಕ್ಕದಾಗಿತ್ತು. ತಿಂಗಳ ಇಪ್ಪತ್ತನೆಯ ತಾರೀಖಿಗೇ ಕೈಗಡ ಹುಡುಕುತ್ತಿದ್ದವನ ಲೇಖನಿ ಕಡತದ ಮುಂದೆ ತಡವರಿಸುತ್ತಿತ್ತು. ಭ್ರಷ್ಟಾಚಾರಕ್ಕೆಲ್ಲ ಸಾಲವೇ ಮೂಲವೆಂದು ನಾನು ಹೇಳಲಾರೆ. ದುರಾಸೆಗೆ ಸಾಲದ ನೆಪ ಬೇಕಿಲ್ಲ. ಆದರೆ ಪ್ರಾಮಾಣಿಕನಾಗಿರಲು ಬಯಸುವವನಿಗೆ ಮಿತವ್ಯಯದಂಥ ರಕ್ಷಾಕವಚ ಮತ್ತೊಂದಿಲ್ಲ. ಇಂದು ಖಾಸಗಿ ನೌಕರಿಯಲ್ಲಿರುವ ತರುಣರಿಗೂ ಈ ಮಾತು ಅನ್ವಯಿಸುತ್ತದೆ. ಆರು ತಿಂಗಳ ವೆಚ್ಚವನ್ನು ಕೈಯಲ್ಲಿಟ್ಟುಕೊಂಡವನು ಸಲ್ಲದ ಕೆಲಸವನ್ನು ಬಿಟ್ಟು ಹೊರಡಬಲ್ಲ. ಕಂತಿಗೆ ಕಟ್ಟುಬಿದ್ದವನು ಹೊರಡಲಾರ.

ಮಿತವ್ಯಯವನ್ನು ಜಿಪುಣತನವೆಂದು ಹಳಿಯುವವರಿದ್ದಾರೆ. ಜಿಪುಣ ಕೂಡಿಟ್ಟದ್ದು ಅವನಿಗೂ ಒದಗದು, ಊರಿಗೂ ಒದಗದು. ನಮ್ಮ ಹಿರಿಯರ ಉಳಿತಾಯದ ರೀತಿ ಬೇರೆಯಾಗಿತ್ತು. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹೊಲಿದು ಕೌದಿ ಮಾಡಿದ ಕೈಗಳೇ ಮನೆಗೆ ಬಂದವರಿಗೆ ರೊಟ್ಟಿ ಬಡಿದು ಬಡಿಸಿದವು. ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕೃಷಿ ಸಹಕಾರ ಪತ್ತಿನ ಸಂಘವನ್ನು ಸ್ಥಾಪಿಸಿದರು. ರೈತರ ಚಿಕ್ಕ ಚಿಕ್ಕ ಮೊತ್ತಗಳೇ ಒಟ್ಟುಗೂಡಿ ಅವರನ್ನು ಲೇವಾದೇವಿಗಾರರಿಂದ ಪಾರುಮಾಡಬಲ್ಲವು ಎಂಬ ನಂಬಿಕೆ ಆ ಚಳವಳಿಯ ತಳಹದಿ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಗೆ ಅಡಿಪಾಯ ಹಾಕಿದವರು ಏಳು ಜನ ಶಿಕ್ಷಕರು. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿಗಾಗಿ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಸಾರ್ವಜನಿಕರಿಂದ ವಂತಿಗೆ ಕೂಡಿಸಿದರು. ಬಂದದ್ದನ್ನೆಲ್ಲ ತಮ್ಮ ಮೇಲೆಯೇ ವೆಚ್ಚ ಮಾಡುವ ಸಮಾಜದಿಂದ ಇಂಥ ವಂತಿಗೆ ಹುಟ್ಟುವುದು ಸಾಧ್ಯವಿತ್ತೇ? ಇಂದಿಗೂ ನಮ್ಮ ಮಕ್ಕಳು ಓದುತ್ತಿರುವುದು ಆ ಪೀಳಿಗೆ ಕಟ್ಟಿದ ಛಾವಣಿಯ ಕೆಳಗೆ.

ಎಲ್ಲರೂ ಕೈ ಬಿಗಿಹಿಡಿದರೆ ಅಂಗಡಿಕಾರ, ಕಾರ್ಮಿಕರ ಗತಿಯೇನು ಎಂಬ ಪ್ರಶ್ನೆಯೂ ಇದೆ. ಕೇನ್ಸ್ 1936ರಲ್ಲಿ ಎತ್ತಿದ ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಮಿತವ್ಯಯವೆಂದರೆ ಏನನ್ನೂ ಕೊಳ್ಳದಿರುವುದಲ್ಲ, ಯೋಚಿಸಿ ಕೊಳ್ಳುವುದು. ಆರು ತಿಂಗಳಿಗೆ ಹರಿಯುವ ನಾಲ್ಕು ಅಂಗಿಗಳ ಬದಲು, ಹಲವು ವರ್ಷ ಬಾಳುವ ಒಂದು ಖಾದಿ ಅಂಗಿ ಕೊಂಡರೆ ಆ ಹಣ ನೂಲುವ, ನೇಯುವ ಕೈಗಳಿಗೆ ತಲುಪುತ್ತದೆ. ರಾಷ್ಟ್ರಧ್ವಜಕ್ಕೆ ಹೆಸರಾದ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಿಂದ ನಮ್ಮ ಊರಲ್ಲೇ ಇದೆ. ಕೆಟ್ಟ ಮಿಕ್ಸರನ್ನು ಎಸೆಯದೆ ದುರಸ್ತಿ ಮಾಡಿಸಿದರೆ ಓಣಿಯ ಕುಶಲಕರ್ಮಿಗೆ ಒಂದು ದಿನದ ದುಡಿಮೆ ದೊರೆಯುತ್ತದೆ.

ಬಡವರಿಗೆ ಈ ಉಪದೇಶ ಸಲ್ಲದು; ಅವರಿಗೆ ಮಿತವ್ಯಯ ಆಯ್ಕೆಯಲ್ಲ, ಅನಿವಾರ್ಯ. ಅವರಿಗೆ ಬೇಕಾದದ್ದು ನ್ಯಾಯವಾದ ಕೂಲಿ. ಈ ಮಾತು ಆಯ್ಕೆಯುಳ್ಳ ನಮ್ಮಂಥವರಿಗೆ. ಮುಂದಿನ ಕಂತಿನ ಕಾಗದಕ್ಕೆ ಸಹಿ ಹಾಕುವ ಮುನ್ನ ಮನೆಮಂದಿಯೆಲ್ಲ ಕುಳಿತು ಒಂದೇ ಪ್ರಶ್ನೆ ಕೇಳಿಕೊಳ್ಳಲಿ: ಈ ವಸ್ತು ನಮಗೆ ಬೇಕೇ, ಅಥವಾ ನಮ್ಮಲ್ಲಿ ಇದೆಯೆಂದು ಇತರರಿಗೆ ತಿಳಿಯುವುದು ಬೇಕೇ? ಪ್ರಾಮಾಣಿಕ ಉತ್ತರ ದೊರೆತರೆ ಎಷ್ಟೋ ಸಹಿಗಳು ತಾವಾಗಿಯೇ ತಪ್ಪುತ್ತವೆ.